ಕ್ರಿಯಾಪದವಾದ ಬೆಂಗಳೂರು



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಇವತ್ತು ನಾನು ಎತ್ತಿಕೊಂಡಿರುವುದು ಇಂಗ್ಲಿಷಿನ ಒಂದು ಆಡುಮಾತನ್ನು. ಅದನ್ನು ಇಲ್ಲಿ ಕೂತಿರುವ ನಲವತ್ತು ದಾಟಿದವರೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೀರಿ. ಕೆಲವರು ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದೀರಿ, ಕೆಲವರು ರೈಲಿನಲ್ಲಿ ಎದುರಿಗೆ ಕೂತವರ ಟೀ ಶರ್ಟಿನ ಮೇಲೆ ಓದಿದ್ದೀರಿ. ‘ಬ್ಯಾಂಗಲೋರ್ಡ್’. ಬೆಂಗಳೂರಿನ ಹೆಸರಿಗೆ ಇಂಗ್ಲಿಷಿನ ಭೂತಕಾಲದ ಬಾಲ ಅಂಟಿಸಿ ಮಾಡಿದ ಪದ. ‘ಹಿ ಗಾಟ್ ಬ್ಯಾಂಗಲೋರ್ಡ್’ ಅಂದರೆ ಅವನ ಕೆಲಸವನ್ನು ಕಂಪನಿ ಬೆಂಗಳೂರಿಗೆ ಕಳಿಸಿತು, ಅವನನ್ನು ಮನೆಗೆ ಕಳಿಸಿತು ಎಂದರ್ಥ. 2003, 2004ರ ಸುಮಾರಿಗೆ ಈ ಮಾತು ಅಮೆರಿಕದ ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಆಫೀಸಿನ ಹರಟೆಯಲ್ಲಿ ಓಡಾಡತೊಡಗಿತು. ‘ಡೋಂಟ್ ಗೆಟ್ ಬ್ಯಾಂಗಲೋರ್ಡ್’ ಎಂದು ಬರೆದ ಟೀ ಶರ್ಟುಗಳು ಮಾರಾಟವಾದವು.

ಈ ಪದದ ಬಗ್ಗೆ ನ್ಯೂಜೆರ್ಸಿಯ ಈ ಬಾಸ್ಕಿಂಗ್ ರಿಡ್ಜ್‌ನಲ್ಲೇ ಮಾತಾಡಬೇಕು ಎಂದು ನನಗೆ ಬಹಳ ದಿನದಿಂದ ಆಸೆಯಿತ್ತು. ಇಲ್ಲಿನ ನಾರ್ತ್ ಮೇಪಲ್ ಅವೆನ್ಯೂವಿನಲ್ಲಿ ಮರಗಳ ನಡುವೆ ತಗ್ಗಾಗಿ ಹಬ್ಬಿರುವ ಆ ದೊಡ್ಡ ಕಟ್ಟಡ ಸಮುಚ್ಚಯ ನಿಮಗೆಲ್ಲ ಗೊತ್ತು. ವಿನ್ಸೆಂಟ್ ಕ್ಲಿಂಗ್ ಎಂಬ ವಾಸ್ತುಶಿಲ್ಪಿ 1970ರ ದಶಕದಲ್ಲಿ ಎಟಿ ಅಂಡ್ ಟಿ ಕಂಪನಿಗಾಗಿ ರೂಪಿಸಿದ್ದು ಅದು. ಆಮೇಲೆ ಒಂದು ಔಷಧ ಕಂಪನಿಯ ಕೈಗೆ ಹೋಗಿ, 2005ರಲ್ಲಿ ವೆರೈಜನ್‌ಗೆ ಬಂತು. ಅಲ್ಲಿಂದ ಸ್ವಲ್ಪ ದೂರದ ಮೌಂಟ್ ಏರಿ ರಸ್ತೆಯಲ್ಲಿ ಅವಾಯಾ ಕಂಪನಿಯ ಕೇಂದ್ರ ಕಚೇರಿ ವರ್ಷಗಟ್ಟಲೆ ಇತ್ತು. ಹತ್ತಿರದ ಮರೇ ಹಿಲ್‌ನಲ್ಲಿ ಬೆಲ್ ಲ್ಯಾಬ್ಸ್. 1947ರ ಡಿಸೆಂಬರಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಜಾಗ. ಅಮೆರಿಕದ ದೂರವಾಣಿ ಉದ್ಯಮದ ಎಷ್ಟೋ ದೊಡ್ಡ ತೀರ್ಮಾನಗಳು ಈ ಕೆಲವೇ ಮೈಲಿಗಳ ಒಳಗೆ ಆಗಿವೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಕೆಲಸ ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನಗಳೂ ಅದರಲ್ಲಿ ಸೇರಿವೆ.

ನಾನು ಹೇಳಬೇಕಾದ್ದು ಇಷ್ಟೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಕಳಿಸುವ ತೀರ್ಮಾನ ಆದದ್ದು ಇಂಥ ಊರುಗಳಲ್ಲಿ. ಆದರೆ ಆ ತೀರ್ಮಾನಕ್ಕೆ ಹೆಸರು ಕೊಡುವಾಗ ಇಂಗ್ಲಿಷು ಈ ಊರುಗಳ ಹೆಸರನ್ನು ಮುಟ್ಟಲಿಲ್ಲ. ಎಂಟು ಸಾವಿರ ಮೈಲಿ ಆಚೆಯ, ಕೆಲಸ ಸ್ವೀಕರಿಸಿದ ಊರಿನ ಹೆಸರನ್ನು ಎಳೆದು ತಂದಿತು. ಇದು ಹೇಗಾಯಿತು ಎಂದು ನೋಡಿದರೆ ಭಾಷೆಯ ಬಗ್ಗೆಯೂ ತಿಳಿಯುತ್ತದೆ, ನಮ್ಮ ಬಗ್ಗೆಯೂ ತಿಳಿಯುತ್ತದೆ.

ಊರಿನ ಹೆಸರನ್ನು ಕ್ರಿಯಾಪದ ಮಾಡುವುದು ಇಂಗ್ಲಿಷಿಗೆ ಹೊಸದಲ್ಲ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ‘ಶಾಂಘೈಡ್’. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಪೋರ್ಟ್‌ಲ್ಯಾಂಡ್ ಬಂದರುಗಳಲ್ಲಿ ಹಡಗಿಗೆ ಆಳು ಸಾಲದೆ ಬಂದಾಗ ದಲ್ಲಾಳಿಗಳು ಹೆಂಡದಂಗಡಿಯಲ್ಲಿ ಕೂತವನಿಗೆ ಮತ್ತಿನ ಪದಾರ್ಥ ಕುಡಿಸಿ, ಎಚ್ಚರ ತಪ್ಪಿದ ಮೇಲೆ ಹಡಗಿಗೆ ಸಾಗಿಸಿ, ತಲೆಗಿಷ್ಟೆಂದು ದುಡ್ಡು ಪಡೆಯುತ್ತಿದ್ದರು. ಎದ್ದು ನೋಡಿದರೆ ಸುತ್ತಲೂ ಸಮುದ್ರ. ಈ ಹಾವಳಿಗೆ ಕಡಿವಾಣ ಬಿದ್ದದ್ದು 1915ರ ನಾವಿಕರ ಕಾಯ್ದೆಯ ಹೊತ್ತಿಗೆ. ಈಗ ಯೋಚಿಸಿ. ಮತ್ತು ಕುಡಿಸಿದವನು ಅಮೆರಿಕದವನು, ದುಡ್ಡು ಕೊಟ್ಟ ಕಪ್ತಾನ ಬೇರೊಬ್ಬ, ಮೋಸ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ. ಶಾಂಘೈ ಊರಿನ ಜನ ಮಾಡಿದ್ದೇನು? ಏನೂ ಇಲ್ಲ. ಹಡಗು ಹೋಗುತ್ತಿದ್ದದ್ದು ಆ ದಿಕ್ಕಿಗೆ, ಅಷ್ಟೆ. ಆದರೂ ನಿಘಂಟಿನಲ್ಲಿ ಇಂದಿಗೂ ಶಾಂಘೈ ಅಪಹರಣಕ್ಕೆ ಪರ್ಯಾಯ ಪದ.

ಇದಕ್ಕಿಂತ ಕ್ರೂರವಾದದ್ದು ಕೋವೆಂಟ್ರಿಯ ಕಥೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಆ ಪಟ್ಟಣದ ಮೇಲೆ ಬಾಂಬು ಸುರಿದು ನಡು ಊರನ್ನೇ ಸುಟ್ಟವು. ಅದಾದ ಮೇಲೆ ನಾಜಿ ಪ್ರಚಾರಕರು ಊರನ್ನು ನೆಲಸಮ ಮಾಡುವುದಕ್ಕೆ ಆ ಪಟ್ಟಣದ ಹೆಸರಿನಿಂದಲೇ ಒಂದು ಕ್ರಿಯಾಪದ ಕಟ್ಟಿದರು. ಅಲ್ಲಿಂದ ಅದು ಇಂಗ್ಲಿಷಿಗೂ ಬಂತು. ಹೊಡೆದವರ ಊರಿನ ಹೆಸರಲ್ಲ, ಹೊಡೆತ ತಿಂದವರ ಊರಿನ ಹೆಸರು.

ಹಾಗೆಂದು ಇಂಗ್ಲಿಷಿಗೆ ಮಾಡಿದವನ ಹೆಸರು ಹಿಡಿಯಲು ಬರುವುದೇ ಇಲ್ಲ ಎನ್ನುವಂತಿಲ್ಲ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರ್ರಿ ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಗಡಿಗಳನ್ನು ಅಂಕುಡೊಂಕಾಗಿ ಎಳೆದ ಕ್ಷೇತ್ರ ವಿಂಗಡಣೆಗೆ ಸಹಿ ಹಾಕಿದ. ಅವನ ಹೆಸರಿಗೆ ಸ್ಯಾಲಮಾಂಡರ್ ಎಂಬ ಪ್ರಾಣಿಯ ಬಾಲ ಸೇರಿಸಿ ‘ಗೆರ್ರಿಮ್ಯಾಂಡರ್’ ಎಂದರು. ಇನ್ನೂರು ವರ್ಷ ದಾಟಿದರೂ ಆ ಹೆಸರು ಅವನನ್ನು ಬಿಟ್ಟಿಲ್ಲ. ಭಾಷೆಗೆ ಮನಸ್ಸಿದ್ದರೆ ಸಹಿ ಹಾಕಿದವನನ್ನು ಹಿಡಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನ ಹೆಸರು ಇಂಗ್ಲಿಷಿನ ಆಡುಮಾತಿಗೆ ಸೇರಿದ್ದು ಇದು ಮೊದಲ ಸಲವಲ್ಲ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬ ಅಧಿಕಾರಿ ಉದ್ದನೆಯ ಕೊಳವೆಗಳೊಳಗೆ ಸಿಡಿಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ ದೂರಕ್ಕೆ ನೂಕುವ ಸಾಧನವೊಂದನ್ನು ಮಾಡಿದ. ಮೊದಲನೆಯ ಮಹಾಯುದ್ಧದಲ್ಲಿ ಮುಳ್ಳುತಂತಿಯ ಬೇಲಿ ಸೀಳಲು ಅದೇ ಬೇಕಾಯಿತು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲ ತೀರದಲ್ಲಿ ಅಮೆರಿಕದ ಸೈನಿಕರು ತಂತಿಯ ಬೇಲಿಗೆ ದಾರಿ ಕೊರೆದದ್ದೂ ಅದರಿಂದಲೇ. ‘ಬ್ಯಾಂಗಲೋರ್ ಟಾರ್ಪಿಡೊ’ ಎಂಬುದು ಅದರ ಪೂರ್ತಿ ಹೆಸರು. ಸೈನಿಕರ ಬಾಯಲ್ಲಿ ಬರೀ ‘ಬ್ಯಾಂಗಲೋರ್’. ‘ಸೇವಿಂಗ್ ಪ್ರೈವೇಟ್ ರಯಾನ್’ ಸಿನಿಮಾ ನೋಡಿದವರಿಗೆ ಗುಂಡಿನ ಸುರಿಮಳೆಯ ನಡುವೆ ಆ ಹೆಸರನ್ನು ಕೂಗಿ ಕರೆಯುವುದು ನೆನಪಿರಬಹುದು. ನಮ್ಮ ಹಲಸೂರು ಕೆರೆಯ ದಂಡೆಯ ದಂಡು ಪ್ರದೇಶ ಹೀಗೆ ಫ್ರಾನ್ಸಿನ ಕಡಲ ತೀರ ಮುಟ್ಟಿತು. ಅಲ್ಲಿ ಬ್ಯಾಂಗಲೋರ್ ಎಂದರೆ ದಾರಿ ಬಿಡಿಸುವುದು. ಅರವತ್ತು ವರ್ಷ ಕಳೆದ ಮೇಲೆ ಅದೇ ಅಮೆರಿಕದಲ್ಲಿ ಬ್ಯಾಂಗಲೋರ್ ಎಂದರೆ ದಾರಿ ಮುಚ್ಚುವುದು ಎಂದಾಯಿತು.

ಯಾಕೆ ಬೆಂಗಳೂರೇ ಆಯಿತು? ಅಮೆರಿಕದ ಕೆಲಸಗಳು ಮುಂಬೈಗೂ ಹೋದವು, ಚೆನ್ನೈ, ಹೈದರಾಬಾದ್, ಪುಣೆಗೂ ಹೋದವು. ಬೆಂಗಳೂರಿಗೆ ಹೆಸರು ಮೊದಲು ಬಂದಿತ್ತು ಎನ್ನುವುದು ಒಂದು ಕಾರಣ. 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಕಚೇರಿ ತೆರೆದಿತ್ತು. 1983ರಿಂದ ಇನ್ಫೋಸಿಸ್ ಅಲ್ಲಿತ್ತು. ಅದಕ್ಕೂ ಮುಂಚೆ ಆರ್. ಕೆ. ಬಾಳಿಗ ಅವರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಿದ್ದರು. ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸುವುದು ನಾದ. ಮುಂಬೈ, ಚೆನ್ನೈ, ಪುಣೆ, ಇವೆಲ್ಲ ಸ್ವರದಲ್ಲಿ ಮುಗಿಯುವ ಹೆಸರುಗಳು. ಶಾಂಘೈಯಂಥ ಅಪವಾದ ಬಿಟ್ಟರೆ, ಇಂಗ್ಲಿಷಿನ ಭೂತಕಾಲದ ಬಾಲ ಇಂಥವಕ್ಕೆ ಸಲೀಸಾಗಿ ಅಂಟುವುದಿಲ್ಲ. ‘ಬ್ಯಾಂಗಲೋರ್’ ರಕಾರದಲ್ಲಿ ಮುಗಿಯುತ್ತದೆ. ‘ಫ್ಲೋರ್ಡ್’ ಎಂದರೆ ಹೊಡೆತಕ್ಕೆ ನೆಲಕ್ಕೆ ಬಿದ್ದವನು, ‘ಗೋರ್ಡ್’ ಎಂದರೆ ಕೊಂಬಿನಿಂದ ತಿವಿಸಿಕೊಂಡವನು, ‘ಇಗ್ನೋರ್ಡ್’ ಎಂದರೆ ಯಾರೂ ಕಣ್ಣೆತ್ತಿ ನೋಡದವನು. ಈ ಸಾಲಿನಲ್ಲಿ ‘ಬ್ಯಾಂಗಲೋರ್ಡ್’ ಎಂಬುದು ಮೊದಲಿನಿಂದ ಇದ್ದ ಪದದ ಹಾಗೆ ಬಂದು ಕೂತಿತು. ಮೊದಲ ಅಕ್ಷರದಲ್ಲೇ ‘ಬ್ಯಾಂಗ್’ ಎಂಬ ಸದ್ದಿದೆ. ಕೇಳಿದವರಿಗೆ ಅರ್ಥ ಹೇಳುವ ಮೊದಲೇ ಪೆಟ್ಟು ಬಿದ್ದದ್ದು ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಪದ ಹೆಚ್ಚಾಗಿ ಬಳಕೆಯಾದದ್ದು ಕರ್ಮಣಿ ಪ್ರಯೋಗದಲ್ಲಿ. ‘ಅವರು ನನ್ನನ್ನು ಬ್ಯಾಂಗಲೋರ್ ಮಾಡಿದರು’ ಎಂದು ಹೇಳಿದವರು ಅಪರೂಪ. ‘ನಾನು ಬ್ಯಾಂಗಲೋರ್ಡ್ ಆದೆ’ ಎಂದೇ ಎಲ್ಲರ ಮಾತು. ಯಾರು ಮಾಡಿದರು ಎಂಬ ಪ್ರಶ್ನೆಗೆ ವಾಕ್ಯದಲ್ಲಿ ಜಾಗವೇ ಇಲ್ಲ. ಕರ್ತೃ ಇರಬೇಕಾದಲ್ಲಿ ಒಂದು ಊರಿನ ಹೆಸರು ಕಾಣುತ್ತದೆ, ಕೇಳಿದವನು ಆ ಊರೇ ಕರ್ತೃವೆಂದು ತಿಳಿಯುತ್ತಾನೆ. ಕನ್ನಡದ ಆಡುಮಾತಿಗೆ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗುವುದಿಲ್ಲ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬುದು ಶಾಲೆಯ ವ್ಯಾಕರಣ ಪಾಠದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳದ ವಾಕ್ಯ. ನಮ್ಮವರು ಫೋನ್ ಮಾಡಿ ಹೇಳುವುದು ‘ಕೆಲಸದಿಂದ ತೆಗೆದುಬಿಟ್ರು’ ಎಂದು. ಆ ‘ಬಿಟ್ರು’ವಿನ ಕೊನೆಯ ಅಕ್ಷರದಲ್ಲಿ ಯಾರೋ ಇದ್ದಾರೆ. ಹೆಸರು ಹೇಳದಿದ್ದರೂ ಮಾಡಿದವರು ಇದ್ದಾರೆ ಎಂದು ಕ್ರಿಯಾಪದವೇ ಒಪ್ಪಿಕೊಳ್ಳುತ್ತದೆ. ಕನ್ನಡವನ್ನು ತೀರಾ ಹೊಗಳುವುದೂ ಬೇಡ. ‘ಕೆಲಸ ಹೋಯ್ತು’ ಎಂದೂ ನಾವು ಹೇಳುತ್ತೇವೆ, ಅಲ್ಲಿ ಕೆಲಸ ತಾನಾಗಿಯೇ ಎದ್ದು ಹೋದ ಹಾಗಿರುತ್ತದೆ. ಮರ್ಯಾದೆಯ ಪ್ರಶ್ನೆ ಬಂದಾಗ ಎರಡು ಭಾಷೆಯ ಜನರೂ ಕರ್ತೃವನ್ನು ಮರೆಮಾಡುತ್ತಾರೆ.

ಈಗ ಎರಡು ಪತ್ರಿಕೆಗಳ ಮುಖಪುಟಗಳನ್ನು ನಿಮ್ಮ ಮುಂದೆ ಇಡಬೇಕು. 1996ರ ಜನವರಿಯಲ್ಲಿ ಎಟಿ ಅಂಡ್ ಟಿ ಕಂಪನಿ 40,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಆ ವರ್ಷದ ಫೆಬ್ರವರಿಯಲ್ಲಿ ‘ನ್ಯೂಸ್‌ವೀಕ್’ ತನ್ನ ಮುಖಪುಟದಲ್ಲಿ ದೊಡ್ಡ ಕಂಪನಿಗಳ ಮುಖ್ಯಸ್ಥರ ಭಾವಚಿತ್ರಗಳನ್ನು ಪೊಲೀಸರು ಅಪರಾಧಿಗಳ ಚಿತ್ರ ಹಾಕುವ ರೀತಿಯಲ್ಲಿ ಅಚ್ಚು ಹಾಕಿತು. ಎಟಿ ಅಂಡ್ ಟಿಯ ರಾಬರ್ಟ್ ಅಲೆನ್ ಅವರಲ್ಲೊಬ್ಬರು. ‘ಕಾರ್ಪೊರೇಟ್ ಕಿಲ್ಲರ್ಸ್’ ಎಂಬುದು ಶೀರ್ಷಿಕೆ. ಅದು ಅತಿರೇಕದ ಶೀರ್ಷಿಕೆ ಎನ್ನುವವರೊಂದಿಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಓದುಗನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ಯಾರೋ ತೀರ್ಮಾನಿಸಿದ್ದಾರೆ, ಅವರಿಗೊಂದು ಮುಖವಿದೆ, ಹೆಸರಿದೆ. ಆ 40,000ದ ಘೋಷಣೆಯಲ್ಲಿ ಬೆಂಗಳೂರಿನ ಪಾತ್ರವಿರಲಿಲ್ಲ. ಕಂಪನಿಯನ್ನು ಮೂರಾಗಿ ಒಡೆಯುವ ಯೋಜನೆಯ ಲೆಕ್ಕಾಚಾರ ಅದು.

ಎಂಟು ವರ್ಷ ಮುಂದೆ ಬನ್ನಿ. 2004ರ ಫೆಬ್ರವರಿ. ‘ವೈರ್ಡ್’ ಪತ್ರಿಕೆಯ ಮುಖಪುಟದಲ್ಲಿ ಒಬ್ಬ ಭಾರತೀಯ ಯುವತಿಯ ಮುಖ. ಅಮೆರಿಕದ ತಂತ್ರಜ್ಞಾನದ ಕೆಲಸಗಳು ಭಾರತಕ್ಕೆ ಓಡುತ್ತಿವೆ ಎಂಬುದು ಒಳಗಿನ ವಿಷಯ. ಲೇಖನ ತನ್ನ ಮಟ್ಟಿಗೆ ಸಮತೋಲನದ್ದೇ, ಭಾರತದಲ್ಲಿ ಆ ಕೆಲಸ ಮಾಡುವವರ ಬಗ್ಗೆ ಗೌರವವೂ ಇದೆ. ಆದರೆ ಮುಖಪುಟದ ಮುಖ ಬದಲಾಗಿತ್ತು. 1996ರಲ್ಲಿ ಕೆಲಸ ತೆಗೆದವನ ಮುಖ. 2004ರಲ್ಲಿ ಆ ಕೆಲಸ ಮಾಡಲು ಕೂತವಳ ಮುಖ. ಟಿವಿ ನಿರೂಪಕ ಲೂ ಡಾಬ್ಸ್ ದಿನವೂ ಹೊರದೇಶಕ್ಕೆ ಕೆಲಸ ಕಳಿಸುವ ಕಂಪನಿಗಳ ಹೆಸರು ಓದುತ್ತಿದ್ದರು ಎಂಬುದೂ ನಿಜವೇ. ಜನರ ಬಾಯಿಗೆ ಹತ್ತಿದ್ದು ಮಾತ್ರ ಆ ಕಂಪನಿಗಳ ಹೆಸರಲ್ಲ. ಈ ಎಂಟು ವರ್ಷಗಳ ನಡುವೆ ಎಲ್ಲೋ ಸಿಟ್ಟಿನ ಗುರಿ ಬದಲಾಯಿತು, ಆಗ ಹುಟ್ಟಿದ ಪದ ‘ಬ್ಯಾಂಗಲೋರ್ಡ್’.

ಆ ಸಿಟ್ಟು ಕಾನೂನಿನ ರೂಪ ತಾಳಿದ್ದರಲ್ಲಿ ನಿಮ್ಮ ನ್ಯೂಜೆರ್ಸಿ ಮುಂಚೂಣಿಯಲ್ಲಿತ್ತು. ರಾಜ್ಯದ ಬಡವರಿಗೆ ಆಹಾರ ಧನಸಹಾಯ ಕೊಡುವ ಕಾರ್ಡುಗಳ ಸಹಾಯವಾಣಿಯನ್ನು ಗುತ್ತಿಗೆ ಪಡೆದ ಕಂಪನಿ ಮುಂಬೈಯಿಂದ ನಡೆಸುತ್ತಿದೆ ಎಂಬುದು 2002ರಲ್ಲಿ ಬಯಲಾಯಿತು. ಕೆಲಸವಿಲ್ಲದ ನ್ಯೂಜೆರ್ಸಿಯ ತಾಯಿ ತನ್ನ ಸಹಾಯಧನದ ಬಗ್ಗೆ ಕೇಳಲು ಫೋನ್ ಮಾಡಿದರೆ ಅದನ್ನು ಎತ್ತುವ ಕೆಲಸವೂ ರಾಜ್ಯದಲ್ಲಿ ಇರಲಿಲ್ಲ. ರಾಜ್ಯದ ಸೆನೆಟ್ ಸದಸ್ಯೆ ಶರ್ಲಿ ಟರ್ನರ್ ಸರ್ಕಾರಿ ಗುತ್ತಿಗೆಯ ಕೆಲಸ ದೇಶದೊಳಗೇ ಆಗಬೇಕೆಂಬ ಮಸೂದೆ ತಂದರು. ಆ ಡಿಸೆಂಬರಿನಲ್ಲಿ ಸೆನೆಟ್ ಅದನ್ನು 40-0 ಮತಗಳಿಂದ ಒಪ್ಪಿತು. ಕೆಳಮನೆಯಲ್ಲಿ ಎಳೆದಾಡಿ, ಕೊನೆಗೆ ಕಾನೂನಾದದ್ದು 2005ರಲ್ಲಿ. ಅಷ್ಟರೊಳಗೆ ಆ ಸಹಾಯವಾಣಿ ಹೆಚ್ಚಿನ ಖರ್ಚಿನಲ್ಲಿ ಇದೇ ರಾಜ್ಯದ ಕ್ಯಾಮ್ಡೆನ್ ನಗರಕ್ಕೆ ಮರಳಿತ್ತು. ಟರ್ನರ್ ಅವರ ಪ್ರಶ್ನೆ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ತೆರಿಗೆದಾರರ ಹಣ ಎಲ್ಲಿ ಖರ್ಚಾಗಬೇಕು ಎಂದು ಕೇಳುವ ಹಕ್ಕು ಆ ತೆರಿಗೆದಾರರಿಗಿದೆ. ಮುಂಬೈಯಲ್ಲಿ ಫೋನ್ ಎತ್ತಿದ ಹುಡುಗಿಯದು ಅದರಲ್ಲಿ ತಪ್ಪಿರಲಿಲ್ಲ. ಇಷ್ಟಾಗಿಯೂ, ಇಡೀ ಪ್ರಕರಣದ ಊರು ಮುಂಬೈ ಆಗಿದ್ದರೂ, ಮುಂದೆ ಜನರ ಬಾಯಲ್ಲಿ ಉಳಿದ ಹೆಸರು ಬೆಂಗಳೂರಿನದು.

ಕೆಲಸ ಹೋದ ದಾರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದು ಈ ಪ್ರದೇಶದ್ದೇ ಕಥೆ. 1990ರ ದಶಕದ ಕೊನೆಯಲ್ಲಿ ದೂರಸಂಪರ್ಕ ಕಂಪನಿಗಳು ಇಂಟರ್ನೆಟ್ಟಿನ ಬೇಡಿಕೆ ಆಕಾಶಕ್ಕೇರುತ್ತದೆಂದು ನಂಬಿ ಸಮುದ್ರದಡಿಯಲ್ಲಿ, ನೆಲದಡಿಯಲ್ಲಿ ಗಾಜಿನ ಎಳೆಯ ಕೇಬಲ್ಲುಗಳನ್ನು ಎಳೆದವು. ಸಾಲ ಮಾಡಿ ಎಳೆದವು. ಇಂಥ ಜಾಲಗಳ ಸಲಕರಣೆಗಳಲ್ಲಿ ಒಂದು ಪಾಲು ಮರೇ ಹಿಲ್‌ನ ಲೂಸೆಂಟ್ ಕಂಪನಿಯದು. 2000ದಿಂದ 2002ರ ಒಳಗೆ ಆ ಗುಳ್ಳೆ ಒಡೆಯಿತು. ಕಂಪನಿಗಳು ಮುಳುಗಿದವು, ಸಾವಿರ ಸಾವಿರ ಎಂಜಿನಿಯರುಗಳು ಮನೆಗೆ ಹೋದರು. ಕೇಬಲ್ಲುಗಳು ಮಾತ್ರ ನೆಲದಡಿಯಲ್ಲಿ ಉಳಿದವು, ಮತ್ತು ಅವುಗಳ ಬಾಡಿಗೆ ನೆಲಕಚ್ಚಿತು. ಬೆಂಗಳೂರಿನ ಒಂದು ಕಚೇರಿ ನ್ಯೂಜೆರ್ಸಿಯ ಕಂಪ್ಯೂಟರನ್ನು ರಾತ್ರಿಯಿಡೀ ನಡೆಸುವುದು ಅಗ್ಗವಾದದ್ದು ಆಗಲೇ. ಇಲ್ಲಿ ಸಂಜೆ ದೀಪ ಆರಿಸುವ ಹೊತ್ತಿಗೆ ಅಲ್ಲಿ ಬೆಳಗು, ಹತ್ತು ಗಂಟೆಯ ಆಸುಪಾಸಿನ ಅಂತರ. ತಾವೇ ಕಟ್ಟಿದ ತಂತಿಯ ಮೇಲೆ ತಮ್ಮ ಕೆಲಸ ಹೋದದ್ದನ್ನು ಈ ಪ್ರದೇಶದ ಜನ ಕಣ್ಣಾರೆ ಕಂಡರು. ಅವರ ನೋವನ್ನು ಯಾರೂ ಹಗುರ ಮಾಡಬಾರದು. ಐವತ್ತು ದಾಟಿದ ಎಂಜಿನಿಯರಿಗೆ ಮತ್ತೆ ಅಂಥ ಕೆಲಸ ಸಿಗುವುದು ಸುಲಭವಿರಲಿಲ್ಲ.

ಈಗ ನಮ್ಮವರ ಸಂಗತಿಗೆ ಬರುತ್ತೇನೆ. ಈ ಪದದ ಎರಡೂ ಕಡೆ ಇದ್ದವರು ನ್ಯೂಜೆರ್ಸಿಯ ಕನ್ನಡಿಗರು. ವೈ2ಕೆ ಕಾಲದಲ್ಲಿ, ಆಮೇಲೆ ಎಚ್-1ಬಿ ವೀಸಾಗಳ ಮಿತಿ ವರ್ಷಕ್ಕೆ 1,95,000 ಇದ್ದ 2001ರಿಂದ 2003ರವರೆಗಿನ ವರ್ಷಗಳಲ್ಲಿ ನಮ್ಮಲ್ಲಿ ಬಹಳ ಮಂದಿ ಇಲ್ಲಿಗೆ ಬಂದರು. ಅವರ ಮಾತಿನಲ್ಲಿ ಆ ಕಾಲದ ಒಂದು ಸಣ್ಣ ನಿಘಂಟೇ ಇದೆ: ಆನ್‌ಸೈಟು, ಆಫ್‌ಶೋರು, ಬೆಂಚು, ಲೇಆಫು, ಕೆಟಿ. ಹೊರಗಿನವರಿಗೆ ಗೊತ್ತಿಲ್ಲದ ಆ ಕೊನೆಯ ಎರಡಕ್ಷರದ ಬಗ್ಗೆ ಸ್ವಲ್ಪ ನಿಲ್ಲಬೇಕು. ಕೆಟಿ ಎಂದರೆ ನಾಲೆಜ್ ಟ್ರಾನ್ಸ್‌ಫರ್. ಹೋಗುವವನು ಬರುವವನಿಗೆ ಕೆಲಸ ಕಲಿಸಿಕೊಡುವುದು. ‘ಎರಡು ವಾರ ಕೆಟಿ ಇದೆ’ ಎಂದರೆ ಎರಡು ವಾರದಲ್ಲಿ ಎದುರಿಗೆ ಕೂತವರ ಕೆಲಸ ಮುಗಿಯುತ್ತದೆ, ಅದು ಇಬ್ಬರಿಗೂ ಗೊತ್ತಿದೆ.

ನನ್ನ ಪರಿಚಯದ ಹಾಸನ ಜಿಲ್ಲೆಯ ಒಬ್ಬರು 2003ರಲ್ಲಿ ಹೀಗೆ ಕೆಟಿ ಪಡೆದರು. ಕಂಪನಿಯ ಹೆಸರು ಬೇಡ. ಎದುರಿಗಿದ್ದದ್ದು ಬಿಲ್ಲಿಂಗ್ ವಿಭಾಗದಲ್ಲೇ ತಲೆ ಹಣ್ಣಾದ ಅಮೆರಿಕನ್ ಮಹಿಳೆ. ಕೋಬಾಲ್ ಭಾಷೆಯ ಪ್ರೋಗ್ರಾಮುಗಳು, ಬರೆದವರು ಎಂದೋ ನಿವೃತ್ತರಾಗಿದ್ದರು, ದಾಖಲೆ ಎಂಬುದೇನೂ ಇರಲಿಲ್ಲ. ಇದ್ದದ್ದೆಲ್ಲ ಆಕೆಯ ತಲೆಯಲ್ಲಿ, ಜೊತೆಗೆ ಒಂದು ಸ್ಪೈರಲ್ ನೋಟ್‌ಬುಕ್ಕಿನಲ್ಲಿ. ತಿಂಗಳ ಕೊನೆಯ ರಾತ್ರಿ ಯಾವ ಹಂತದಲ್ಲಿ ಬಿಲ್ಲಿಂಗ್ ನಿಂತುಹೋಗುತ್ತದೆ, ಆಗ ಯಾವ ಫೈಲು ಖಾಲಿ ಇದೆಯೆಂದು ಮೊದಲು ನೋಡಬೇಕು, ಯಾರಿಗೆ ಫೋನ್ ಮಾಡಿದರೆ ರಾತ್ರಿ ಎರಡಕ್ಕೂ ಎತ್ತುತ್ತಾರೆ, ಇವನ್ನೆಲ್ಲ ಆಕೆ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದರು. ಮೊದಲ ಮೂರು ದಿನ ಕೇಳಿದ್ದಕ್ಕಷ್ಟೇ ಉತ್ತರ. ನಾಲ್ಕನೆಯ ದಿನ ಒಂದು ಪ್ರೋಗ್ರಾಮು ನಿಜವಾಗಿ ಕೆಟ್ಟು ನಿಂತಾಗ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕೂತು ಸರಿಮಾಡಿದರು. ಆಮೇಲೆ ಆಕೆ ಎಲ್ಲವನ್ನೂ ಹೇಳಿಕೊಟ್ಟರು. ಹೋಗುವ ದಿನ ನೋಟ್‌ಬುಕ್ಕನ್ನೂ ಕೊಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮವರ ಆನ್‌ಸೈಟ್ ಹುದ್ದೆಯೂ ಆಫ್‌ಶೋರ್‌ಗೆ ಹೋಯಿತು. ಆಗ ಕೆಲಸ ಹೋದ ವೀಸಾದಾರನಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಇಂದಿನ ಅರವತ್ತು ದಿನಗಳ ಅವಧಿಯೂ ಇರಲಿಲ್ಲ. ಅದು ಬಂದದ್ದು 2017ರಲ್ಲಿ. ಹಾಸನದವರು ಬೆಂಗಳೂರಿನಿಂದಾಗಿ ‘ಬ್ಯಾಂಗಲೋರ್ಡ್’ ಆದರು. ಆ ನೋಟ್‌ಬುಕ್ಕು ಇಂದಿಗೂ ಅವರ ಮನೆಯಲ್ಲಿದೆ.

ಇನ್ನು ಬೆಂಗಳೂರಿನ ಕಡೆಯಿಂದ ನೋಡೋಣ. ಈ ಪದ ಕೇಳಿದವರಿಗೆ ಬೆಂಗಳೂರೆಂದರೆ ಕೆಲಸ ಬಾಚಿಕೊಂಡ ಊರು, ಅಲ್ಲಿ ಯಾರಿಗೂ ಕೆಲಸ ಹೋಗಿಲ್ಲ ಎನಿಸಬಹುದು. ಅದೇ ಊರಿನಲ್ಲಿ ದೂರವಾಣಿನಗರವಿದೆ. 1948ರಲ್ಲಿ ಶುರುವಾದ ಐಟಿಐ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ, ದೇಶಕ್ಕೆ ಫೋನು ಮಾಡಿಕೊಟ್ಟ ಕಾರ್ಖಾನೆ. ಬಾಸ್ಕಿಂಗ್ ರಿಡ್ಜ್‌ಗೆ ಎಟಿ ಅಂಡ್ ಟಿ ಹೇಗೋ ಕೆ. ಆರ್. ಪುರದ ಕಡೆಯವರಿಗೆ ಐಟಿಐ ಹಾಗೆ. ಮಾರುಕಟ್ಟೆ ತೆರೆದ ಮೇಲೆ ಅದು ಕುಗ್ಗುತ್ತಾ ಬಂತು. ಬಿನ್ನಿ ಬಟ್ಟೆ ಮಿಲ್ಲಿನ ಸೈರನ್ ನಿಂತಿತು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಗಡಿಯಾರ ಮಾಡಲು ಶುರುಮಾಡಿದ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಎಸ್‌ಎಸ್‌ಎಲ್‌ಸಿ ಪಾಸಾದ ಎಷ್ಟೋ ಹುಡುಗರ ಕೈಗೆ ಅಪ್ಪ ಕಟ್ಟಿದ ಗಡಿಯಾರವದು. ಈ ಕಾರ್ಮಿಕರ ಕೆಲಸ ಹೋದದ್ದಕ್ಕೆ ಯಾವ ಭಾಷೆಯಲ್ಲೂ ಹೊಸ ಕ್ರಿಯಾಪದ ಹುಟ್ಟಲಿಲ್ಲ.

ನಮ್ಮಲ್ಲಿ ಹಳೆಯದೊಂದು ಪದವಿದೆ, ‘ಗುಳೆ’. ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಕಡೆ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಇಲ್ಲವೇ ಮುದುಕರನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಹೋಗುವುದು ಗುಳೆ. ಹಾಗೆ ಹೋಗುವ ಊರುಗಳಲ್ಲಿ ಬೆಂಗಳೂರೂ ಒಂದು. ಅಮೆರಿಕದ ಕೆಲಸ ಬಂದು ಕೂತ ಗಾಜಿನ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವರಲ್ಲಿ ಈ ಗುಳೆ ಬಂದವರೂ ಇದ್ದರು. ಕೆಲಸ ಹುಡುಕಿಕೊಂಡು ಜನ ಹೋದರೆ ಗುಳೆ. ಜನರನ್ನು ಬಿಟ್ಟು ಕೆಲಸವೇ ಎದ್ದು ಹೋದರೆ ಅದಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ, ಇಂಗ್ಲಿಷಿನಲ್ಲೂ ಜನರ ಬಾಯಿಗೆ ಹತ್ತುವಂಥದ್ದು ಇರಲಿಲ್ಲ. ಇಂಗ್ಲಿಷು ಅವಸರದಲ್ಲಿ ಸಿಕ್ಕ ಹೆಸರನ್ನು ಹಿಡಿದುಕೊಂಡಿತು.

ಹೆಸರುಗಳ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಬೆಂಗಳೂರು ಎಂಬ ಹೆಸರು ಬರಹದಲ್ಲಿ ಸಿಗುವ ಬಹು ಹಳೆಯ ಜಾಗ ಬೇಗೂರು. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವಾಗ ಸ್ವಲ್ಪ ಒಳಕ್ಕೆ ತಿರುಗಿದರೆ ನಾಗೇಶ್ವರ ದೇವಸ್ಥಾನ. ಅಲ್ಲಿನ ಸುಮಾರು ಕ್ರಿ.ಶ. 890ರ ಶಾಸನ ಬೆಂಗಳೂರಿನ ಕಾಳಗದ ಬಗ್ಗೆ, ಅದರಲ್ಲಿ ಮಡಿದವನ ಬಗ್ಗೆ ಹೇಳುತ್ತದೆ. ಊರಿನ ಹೆಸರಿಗೆ ಹೇಳುವ ಬೆಂದಕಾಳಿನ ಕಥೆಗಿಂತ ಶತಮಾನಗಳಷ್ಟು ಹಿಂದಿನದು. ಬಾಸ್ಕಿಂಗ್ ರಿಡ್ಜ್‌ನ ಹೆಸರಿಗೆ ಇಲ್ಲಿನವರು ಹೇಳುವ ಕಾರಣ ಬೇರೆ: ಚಳಿಯ ತಗ್ಗಿನಿಂದ ಕಾಡುಪ್ರಾಣಿಗಳು ಈ ದಿಣ್ಣೆಗೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿದ್ದವಂತೆ. ಅಂದರೆ ನಿಮ್ಮ ಊರಿನ ಹೆಸರಿನಲ್ಲೇ ಒಂದು ಕ್ರಿಯಾಪದವಿದೆ, ಅದೂ ಹಿತವಾದ ಕ್ರಿಯಾಪದ. ಈ ಊರಿನಲ್ಲಿ ಎಷ್ಟು ಸಾವಿರ ಜನರ ಕೆಲಸದ ಬಗ್ಗೆ ತೀರ್ಮಾನವಾದರೂ ಆ ಬಿಸಿಲಿಗೆ ಕಲೆ ತಾಗಲಿಲ್ಲ.

‘ಬ್ಯಾಂಗಲೋರ್ಡ್’ ಈಗ ಹೆಚ್ಚು ಕೇಳಿಸುವುದಿಲ್ಲ. 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ತೆರಿಗೆ ಸುಧಾರಣೆಯ ಮಾತಾಡುತ್ತ ಬೆಂಗಳೂರಿನಲ್ಲಿ ಕೆಲಸ ಸೃಷ್ಟಿಸಿದರೆ ಕಡಿಮೆ ತೆರಿಗೆ, ನ್ಯೂಯಾರ್ಕಿನ ಬಫಲೋದಲ್ಲಿ ಸೃಷ್ಟಿಸಿದರೆ ಹೆಚ್ಚು ತೆರಿಗೆ ಎಂಬ ವ್ಯವಸ್ಥೆಯನ್ನು ಟೀಕಿಸಿದಾಗ ಆ ಹೆಸರು ಮತ್ತೊಮ್ಮೆ ಗುಲ್ಲೆಬ್ಬಿಸಿತ್ತು. 2014ರ ನವೆಂಬರ್ 1ರಿಂದ ಊರಿನ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಬೆಂಗಳೂರು ಆಯಿತು. ಸುವರ್ಣ ಕರ್ನಾಟಕದ ಸಂದರ್ಭದಲ್ಲಿ ಅದನ್ನು ಸೂಚಿಸಿದವರು ಯು. ಆರ್. ಅನಂತಮೂರ್ತಿ, ಜಾರಿಗೆ ಬರುವ ಎರಡು ತಿಂಗಳು ಮೊದಲೇ ಅವರು ತೀರಿಕೊಂಡರು. ಕೊನೆಗೊಂದು ಉಕಾರ ಬಂದು ಕೂತಿತು, ಇಂಗ್ಲಿಷಿನ ಆ ಬಾಲ ಇನ್ನು ಅಷ್ಟು ಸಲೀಸಾಗಿ ಅಂಟುವುದಿಲ್ಲ. ಕನ್ನಡಕ್ಕಾಗಿ ಮಾಡಿದ ಕೆಲಸ ಊರಿನ ಮಾನವನ್ನೂ ಸ್ವಲ್ಪ ಕಾಯಿತು ಎಂದು ನನಗೆ ಸಂತೋಷವಿದೆ.

2018ರ ಅಕ್ಟೋಬರಿನಲ್ಲಿ, ನಾರ್ತ್ ಮೇಪಲ್ ಅವೆನ್ಯೂವಿನ ಅದೇ ಕಟ್ಟಡದಲ್ಲಿರುವ ವೆರೈಜನ್ ತನ್ನ ಸುಮಾರು ಎರಡೂವರೆ ಸಾವಿರ ಐಟಿ ನೌಕರರನ್ನು ಇನ್ಫೋಸಿಸ್‌ಗೆ ವರ್ಗಾಯಿಸುವ, ಸುಮಾರು 70 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ ಸುದ್ದಿ ಬಂತು. ಈ ಸಲ ಕೆಲಸವೂ ಜನರೂ ಒಟ್ಟಿಗೆ ಬೆಂಗಳೂರಿನ ಕಂಪನಿಗೆ ಹೋದರು. ಸುದ್ದಿಯಲ್ಲಿ ಎರಡು ಕಂಪನಿಗಳ ಹೆಸರಿತ್ತು, ಒಪ್ಪಂದದ ಮೊತ್ತವಿತ್ತು. ಹಾಗೆಯೇ ಇರಬೇಕು. 2025ರ ಜುಲೈನಲ್ಲಿ ಟಿಸಿಎಸ್ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಈಗ ಬೆಂಗಳೂರಿನ ಮನೆಗಳಲ್ಲೂ ‘ತೆಗೆದುಬಿಟ್ರು’ ಎಂಬ ಫೋನು ಬರುತ್ತಿದೆ. ಅಲ್ಲಿನವರು ಇದಕ್ಕೆ ಯಾವ ದೂರದ ಊರಿನ ಹೆಸರನ್ನೂ ಇಡದಿರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ದತ್ತಿಯ ದಾನಿಗಳಲ್ಲಿ, ನಿಮ್ಮೆಲ್ಲರಲ್ಲಿ ನನ್ನದೊಂದು ಬೇಡಿಕೆಯಿದೆ. 2001ರಿಂದ 2005ರವರೆಗಿನ ಆ ವರ್ಷಗಳ ಲೇಆಫ್ ಪತ್ರಗಳು, ಕೆಟಿ ನೋಟ್‌ಬುಕ್ಕುಗಳು, ಪ್ರಾಜೆಕ್ಟಿಲ್ಲದೆ ಬೆಂಚಿನ ಮೇಲೆ ಕೂತ ದಿನಗಳಲ್ಲಿ ಊರಿಗೆ ಬರೆದ ಇಮೇಲುಗಳು ನಿಮ್ಮ ಬೇಸ್‌ಮೆಂಟುಗಳಲ್ಲಿ ಇನ್ನೂ ಇವೆ. ಆ ತಲೆಮಾರು ನಿವೃತ್ತಿಗೆ ಹತ್ತಿರವಾಗಿದೆ, ಮನೆ ಚಿಕ್ಕದು ಮಾಡಿಕೊಳ್ಳುವಾಗ ಮೊದಲು ಕಸಕ್ಕೆ ಹೋಗುವುದು ಇಂಥ ಕಾಗದಗಳೇ. ದಯವಿಟ್ಟು ಎಸೆಯಬೇಡಿ. ಮುಂದಿನ ವರ್ಷದ ದತ್ತಿ ಹಣದಲ್ಲಿ ಒಂದು ಭಾಗವನ್ನು ಉಪನ್ಯಾಸದ ಬದಲು ಅವರ ಮಾತುಗಳನ್ನು ಧ್ವನಿಮುದ್ರಿಸಲು ಬಳಸಿ. ಕೆಟಿ ಪಡೆದ ಕನ್ನಡಿಗರನ್ನೂ ಕೇಳಿ, ಕೆಟಿ ಕೊಟ್ಟು ಹೊರಗೆ ಹೋದ ನಿಮ್ಮ ನೆರೆಹೊರೆಯ ಅಮೆರಿಕನ್ನರನ್ನೂ ಕೇಳಿ. ಅವರಲ್ಲಿ ಹಲವರು ಇನ್ನೂ ಇದೇ ಬೀದಿಗಳಲ್ಲಿದ್ದಾರೆ.